ಎರಡನೇ ಡಬ್ಬಿಯ ನೀಲಿ

ಫೆಬ್ರವರಿ 2

ತಂಗೀ,

ನೀನು ಹೊರಟ ಮೇಲೆ ಶೆಡ್ಡು ಬಿಕೋ ಎನ್ನುತ್ತಿದೆ. ಹದಿನೆಂಟು ದಿನ ನಿನ್ನ ಗಾಡಿ ನಡುವೆ ನಿಂತಿತ್ತು. ಈಗ ಅದೇ ಜಾಗದಲ್ಲಿ ಅದಕ್ಕಿಂತ ದೊಡ್ಡ ವ್ಯಾನು ನಿಂತಿದೆ, ಆದರೂ ಖಾಲಿಯಾಗಿಯೇ ಕಾಣುತ್ತದೆ. ಊರು ತಲುಪಿದೆ ಎಂದು ಅತ್ತಿಗೆಗೆ ಫೋನ್ ಮಾಡಿದೆಯಂತೆ. ನನಗೆ ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಕಂಪ್ರೆಸರ್ ಸದ್ದಿಗೆ ಹೋಗುತ್ತದೆ, ಉಳಿದರ್ಧ ನನ್ನ ಮಂದ ಕಿವಿಗೆ. ಅದಕ್ಕೇ ಕಾಗದ.

ಈಗ ಕೇಳು. ಹೊಸ ಬಣ್ಣ ಎಂದರೆ ಹಸುಗೂಸಿನ ಚರ್ಮ. ಒಂದು ತಿಂಗಳು ಸೋಪು ಮುಟ್ಟಿಸಬೇಡ, ಬರೀ ನೀರು, ಮೆತ್ತನೆಯ ಬಟ್ಟೆ. ಪಾಲಿಶ್ ಗೀಲಿಶ್ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸು. ಹಕ್ಕಿ ಕೂರುವ ಮರದ ಕೆಳಗೆ ನಿಲ್ಲಿಸಿದೆಯೋ, ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ಡ್ರೈವಿಂಗ್ ಸ್ಕೂಲ್ ನಡೆಸುವವಳಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ, ನಿನ್ನ ಬಳಿ ಕಲಿಯುವವರು ಕಂಬ ಕಂಡರೆ ತಬ್ಬಿಕೊಳ್ಳಲು ಹೋಗುವವರೇ. ಮೊದಲ ಗೀರು ಬೀಳುವ ತನಕವಾದರೂ ಕಾಪಾಡು.

ನೀಲಿ ಸಾಲದೆ ಎರಡನೇ ಡಬ್ಬಿ ಕಲಸಬೇಕಾಯಿತು ಎಂದು ಹೇಳಿದ್ದೆನಲ್ಲ. ಬಾನೆಟ್ಟು, ಮಡ್‌ಗಾರ್ಡ್, ಮೇಲ್ಭಾಗ, ಬಲಮಗ್ಗುಲು ಮೊದಲ ಡಬ್ಬಿಯದು. ಎಡಗಡೆಯ ಎರಡು ಬಾಗಿಲು ಮತ್ತು ಡಿಕ್ಕಿ ಎರಡನೆಯದು. ಕಂಪನಿಯ ಪುಸ್ತಕ, ತೂಕದ ಯಂತ್ರ ಯಾವುದನ್ನೂ ಮುಟ್ಟಲಿಲ್ಲ. ಎಂದಿನ ಹಾಗೆ ಹೆಬ್ಬೆರಳಿನ ಉಗುರಿಗೆ ಒಂದು ತೊಟ್ಟು ಹಚ್ಚಿ, ಒಣಗಿಸಿ, ಗಾಡಿಯ ಮೈಗೆ ಹಿಡಿದು ನೋಡಿದೆ. ಉಗುರು ಎಲ್ಲಿ ಮುಗಿಯಿತು, ಗಾಡಿ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಿದ್ದರೆ ಬಣ್ಣ ಕೂಡಿತು ಎಂದು ಅರ್ಥ. ಮೂವತ್ತಾರು ವರ್ಷದಿಂದ ನನಗೆ ಇದೇ ಯಂತ್ರ.

ನೀನು ಗಾಡಿಯನ್ನು ಟ್ಯೂಬ್‌ಲೈಟಿನಲ್ಲಿ ನೋಡಿದೆ, ಮಂಜಿನಲ್ಲಿ ಓಡಿಸಿಕೊಂಡು ಹೋದೆ. ಒಂದು ದಿನ ನಡುಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿ ಸುತ್ತ ಬಂದು ನೋಡು. ಇದ್ದದ್ದನ್ನು ಇದ್ದ ಹಾಗೆ ಬರೆ. ಅಣ್ಣನೆಂದು ಮುಖ ನೋಡಿ ಮಣೆ ಹಾಕಬೇಡ.

ಅಣ್ಣ


ಫೆಬ್ರವರಿ 6 (ಕಳಿಸಲಿಲ್ಲ)

ಅಣ್ಣಾ,

ಇವತ್ತು ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ಬಯಲಲ್ಲಿ ನಿಲ್ಲಿಸಿ ನೋಡಿದೆ. ಎಡಗಡೆಯ ಬಾಗಿಲು ನೀಲಿ ಅಲ್ಲ, ನೇರಳೆ. ಬದನೆಕಾಯಿ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿದರೆ ಬರುವ ಬಣ್ಣ. ಮಡ್‌ಗಾರ್ಡ್ ಮುಗಿದು ಬಾಗಿಲು ಶುರುವಾಗುವ ಕಡೆ ಯಾರೋ ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ. ಡಿಕ್ಕಿಯೂ ಹಾಗೇ. ಎರಡು ಗಾಡಿ ಕತ್ತರಿಸಿ ಒಂದು ಮಾಡಿದ್ದಾರೆ ಎನ್ನಬೇಕು.

ಹತ್ತಿರ ಹೋಗಿ ನೋಡಿದರೆ ಒಂದು ಹನಿ ಇಳಿದಿಲ್ಲ. ಒಂದು ಧೂಳಿನ ಕಣ ಸಿಕ್ಕಿಕೊಂಡಿಲ್ಲ. ಬಾಗಿಲಿನೊಳಗೆ ನನ್ನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತದೆ. ಇಷ್ಟು ಚೆನ್ನಾಗಿ ಕೆಟ್ಟಿರುವ ಕೆಲಸವನ್ನು ನಾನು ಎಲ್ಲೂ ನೋಡಿಲ್ಲ.

ಕುಡಿದಿದ್ದೆಯಾ ಎನ್ನೋಣವೆಂದರೆ ನೀನು ಕುಡಿಯುವವನಲ್ಲ. ಅವಸರ ಮಾಡಿದೆಯಾ ಎನ್ನೋಣವೆಂದರೆ ಹದಿನೆಂಟು ದಿನ ಹಿಡಿದಿದ್ದೀಯ. ತಂಗಿಯ ಗಾಡಿ ತಾನೇ, ಹೇಗಿದ್ದರೂ ನಡೆಯುತ್ತದೆ ಅಂದುಕೊಂಡೆಯಾ? ಹೊಸ ಊರು ಇದು. ಇಲ್ಲಿ ನಾನು ಯಾರಿಗೂ ಗೊತ್ತಿಲ್ಲ. ಈ ಗಾಡಿಯೇ ನನ್ನ ಬೋರ್ಡು, ಇದನ್ನು ನೋಡಿಯೇ ಜನ ಬರಬೇಕು. ನನಗೆ ಅಳು


ಫೆಬ್ರವರಿ 11

ಅಣ್ಣನಿಗೆ,

ನಿನ್ನ ಅಪ್ಪಣೆಯಂತೆ ನಡುಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿ ಸುತ್ತ ಬಂದೆ. ಏನು ಹೇಳಲಿ! ಬಾನೆಟ್ಟಿನಿಂದ ಡಿಕ್ಕಿಯ ತನಕ ಒಂದೇ ನೀಲಿ. ಮೊದಲ ಡಬ್ಬಿ ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂದು ಹುಡುಕಿದರೂ ಸಿಗಲಿಲ್ಲ. ಬೆಳಗಿನ ಆಕಾಶವನ್ನು ಗಾಡಿಗೆ ಹೊದಿಸಿದ ಹಾಗಿದೆ. ದಾರಿಯಲ್ಲಿ ಹೋಗುವವರು ನಿಂತು ತಿರುಗಿ ನೋಡುತ್ತಾರೆ.

ಕಲಿಯಲು ಆರು ಜನ ಸೇರಿದ್ದಾರೆ. ಒಬ್ಬರು ಬ್ಯಾಂಕಿನವರು, ಬ್ರೇಕ್ ಒತ್ತುವ ಮೊದಲು "ಸ್ವಲ್ಪ ಒತ್ತಲಾ ಮೇಡಂ?" ಎಂದು ಅನುಮತಿ ಕೇಳುತ್ತಾರೆ. ಅಷ್ಟರಲ್ಲಿ ನನ್ನ ಕಡೆಯ ಬ್ರೇಕ್ ನಾನೇ ಒತ್ತಿರುತ್ತೇನೆ. ಇನ್ನೊಬ್ಬಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಚುರುಕು. ಎಲ್ಲರೂ ಸೇರಿ ಗಾಡಿಗೆ ಒಂದು ಅಡ್ಡಹೆಸರು ಇಟ್ಟಿದ್ದಾರೆ, ಅದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿನ ಬೀದಿ ಕಿರಿದು. ಎಡಮಗ್ಗುಲನ್ನು ಗೋಡೆಗೆ ಒತ್ತಿಯೇ ನಿಲ್ಲಿಸುತ್ತೇನೆ. ಹಕ್ಕಿಗಳ ಮರ ಇಲ್ಲ, ನಿಶ್ಚಿಂತೆಯಿಂದಿರು.

ನಿನ್ನ ತಂಗಿ


ಫೆಬ್ರವರಿ 20

ತಂಗೀ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಕಂಪ್ರೆಸರ್ ನಿಲ್ಲಿಸಿ ಗಟ್ಟಿಯಾಗಿ ಓದಿದೆ. ಡೊಂಕು ತಗಡು ತಟ್ಟುವ ನಮ್ಮ ತಟ್ಟಣ್ಣ ಸುತ್ತಿಗೆ ಕೆಳಗಿಟ್ಟು ಕೇಳಿದ. ಕೇಳಿ ಮುಗಿದದ್ದೇ ಕೈ ತೊಳೆಯಲು ಎದ್ದು ಹೋದ. ಹೊಟ್ಟೆಕಿಚ್ಚು ಇರಬೇಕು. ಇಪ್ಪತ್ತು ವರ್ಷ ನನ್ನ ಪಕ್ಕ ನಿಂತರೂ ಅವನಿಗೆ ಯಾರೂ ಇಂಥ ಕಾಗದ ಬರೆದಿಲ್ಲ.

ಈಗ ಹೇಳಬಹುದು, ಆಗ ಹೇಳಿರಲಿಲ್ಲ. ನಿನ್ನ ಗಾಡಿ ನನಗೆ ಪರೀಕ್ಷೆಯಾಗಿತ್ತು. ಒಂದು ವರ್ಷದಿಂದ ಶೆಡ್ಡಿನ ಬೆಳಕು ನನಗೆ ಸರಿ ಬರುತ್ತಿಲ್ಲ. ಎರಡು ಸಲ ಟ್ಯೂಬ್‌ಲೈಟು ಬದಲಿಸಿದೆ. ಗೋಡೆಗೆ ಸುಣ್ಣ ಹೊಡೆಸಿದೆ. ಆದರೂ ಹಗಲು ಹನ್ನೆರಡಕ್ಕೂ ಸಂಜೆ ಐದೂವರೆ ಆದ ಹಾಗೆ. ಈಗಿನ ಬಲ್ಬುಗಳು ಸರಿಯಿಲ್ಲ ಎಂದರೆ ನಿನ್ನ ಅತ್ತಿಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಾಳೆ. ಅವಳ ಬಾಯಿಗೆ ಬೀಗ ಹಾಕುವ ಧೈರ್ಯ ನನಗಿಲ್ಲ. ಹಾಗಾಗಿ ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ: ತಂಗಿಯ ಗಾಡಿಗೆ ಬಳಿಯುತ್ತೇನೆ, ಅವಳು ಸರಿಯಿಲ್ಲ ಎಂದರೆ ಸ್ಪ್ರೇ ಗನ್ನು ತೊಳೆದು ಮೊಳೆಗೆ ನೇತುಹಾಕುತ್ತೇನೆ.

ನೀನು ನನ್ನನ್ನು ಉಳಿಸಿದೆ. ಅದೇ ಧೈರ್ಯದ ಮೇಲೆ ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದೇನೆ. ನಿವೃತ್ತಿಯಾದ ಹೆಡ್‌ಮೇಡಂ ಒಬ್ಬರ ಕಾರು, ನಲವತ್ತು ವರ್ಷದ್ದು. ಪಾರಿವಾಳದ ಕತ್ತಿನ ಬೂದುನೀಲಿ. ಆ ಬಣ್ಣ ಈಗ ಯಾವ ಕಂಪನಿಯೂ ಮಾಡುವುದಿಲ್ಲ. ಗೇಟಿಗೆ ತಾಗಿ ಒಂದು ಬಾಗಿಲು ಹಾಳಾಗಿದೆ. ಉಳಿದದ್ದೆಲ್ಲ ಹುಟ್ಟಿದಾಗಿನ ಬಣ್ಣವೇ, ಅದನ್ನು ಯಾರೂ ಮುಟ್ಟುವಂತಿಲ್ಲ. ಆ ಒಂದು ಬಾಗಿಲನ್ನು ಉಳಿದ ಮೈಗೆ ಕೂಡಿಸಿ ಕೊಡಬೇಕು. ಮೂರು ಕಡೆ ಆಗುವುದಿಲ್ಲ ಎಂದು ಕಳಿಸಿದ್ದಾರೆ. ಆಯಮ್ಮ ನನ್ನ ಶೆಡ್ಡಿನಲ್ಲಿ ನಿಂತು, "ಇದನ್ನ ನನ್ನ ಮೊದಲ ಕೆಲಸದ ವರ್ಷ ತಗೊಂಡೆ. ನಾನು ಹೋಗೋ ತನಕ ಹೀಗೇ ಇರಬೇಕು. ನಿಮ್ಮ ಕೈಲಿ ಆಗುತ್ತಾ?" ಎಂದರು. ನಾನು ನಿನ್ನ ಕಾಗದ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿ, ಬೀಗದ ಕೈ ನನ್ನ ಅಂಗೈಗೆ ಹಾಕಿದರು.

ಮಾರ್ಚ್ ಹದಿನೈದಕ್ಕೆ ಬಣ್ಣ ಹೊಡೆಯುತ್ತೇನೆ.

ಅಣ್ಣ


ಮಾರ್ಚ್ 1

ಅಣ್ಣನಿಗೆ,

ದೊಡ್ಡ ಕೆಲಸ ಸಿಕ್ಕಿದ್ದು ಸಂತೋಷ. ಆದರೆ ಅಷ್ಟು ಹಳೆಯ ಬಣ್ಣದ ಭಾರವನ್ನು ಒಬ್ಬನೇ ಯಾಕೆ ಹೊರುತ್ತೀಯ? ಈಗ ಬಣ್ಣ ಅಳೆಯುವ ಸಾಧನ ಬಂದಿದೆಯಂತೆ. ಗಾಡಿಯ ಮೈಗೆ ಒತ್ತಿ ಹಿಡಿದರೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಅದೇ ಹೇಳುತ್ತದಂತೆ. ಒಂದು ಸಲ ಅದರಲ್ಲಿ ನೋಡಿಸಿದರೆ ತಪ್ಪೇನು? ಇಲ್ಲವೇ ಹೆಡ್‌ಮೇಡಂ ಅವರನ್ನೇ ಕೂರಿಸಿ, ಒಂದು ಹಳೆಯ ತಗಡಿಗೆ ಮೊದಲು ಬಳಿದು, ಹೊರಗೆ ಬಿಸಿಲಿಗೆ ತಂದು ತೋರಿಸು. ತಟ್ಟಣ್ಣನನ್ನೂ ಕೇಳು.

ಸ್ವಲ್ಪ ದಿನ ಮುಂದಕ್ಕೆ ಹಾಕಿದರೂ ಆದೀತಲ್ಲ. ನಲವತ್ತು ವರ್ಷ ಕಾದ ಗಾಡಿ ಇನ್ನೊಂದು ತಿಂಗಳು ಕಾಯದೇ? ಬೆಳಕು ಸರಿಯಿಲ್ಲ ಎಂದೆಯಲ್ಲ, ಅದು ನನ್ನ ತಲೆಯಲ್ಲೇ ಕೂತಿದೆ. ಬಲ್ಬಿನ ಅಂಗಡಿಗೆ ಹೋಗುವ ಬದಲು ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬಾ.

ನಿನ್ನ ತಂಗಿ


ಮಾರ್ಚ್ 5

ತಂಗೀ,

ಅತ್ತಿಗೆ ನಿನಗೆ ಏನಾದರೂ ಬರೆದಳೇ? ಇಬ್ಬರೂ ಸೇರಿ ನನ್ನನ್ನು ಮುದುಕನನ್ನಾಗಿ ಮಾಡಲು ಹೊರಟ ಹಾಗಿದೆ. ನನಗಿನ್ನೂ ಐವತ್ತೆಂಟು. ಎರಡು ಫರ್ಲಾಂಗಿನಾಚೆಯ ಬಸ್ಸಿನ ಬೋರ್ಡು ಓದುತ್ತೇನೆ.

ಬಾನೆಟ್ಟಿನಿಂದ ಡಿಕ್ಕಿಯ ತನಕ ಒಂದೇ ನೀಲಿ ಎಂದು ಬರೆದವಳು ನೀನು. ಈಗ ಯಂತ್ರದಲ್ಲಿ ನೋಡಿಸು ಎನ್ನುವವಳೂ ನೀನು. ಒಂದು ಬಾಯಲ್ಲಿ ಎರಡು ಮಾತು ಬೇಡ. ತಗಡಿಗೆ ಬಳಿದು ತೋರಿಸಲು ನಾನೇನು ಹೊಸಬನೇ?

ಬಾಗಿಲಿಗೆ ಪುಟ್ಟಿ ತುಂಬಿ ಉಜ್ಜಿ ಆಗಿದೆ. ಪ್ರೈಮರ್ ಕೂಡ ಆಗಿದೆ. ಹದಿನೈದಕ್ಕೆ ಬಣ್ಣ.

ಅಣ್ಣ


ಮಾರ್ಚ್ 9

ಅಣ್ಣಾ,

ಇದನ್ನು ಕೂತು ಓದು. ಪೂರ್ತಿ ಓದುವ ತನಕ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಬೇಡ.

ಫೆಬ್ರವರಿ ಹನ್ನೊಂದಕ್ಕೆ ನಾನು ಬರೆದದ್ದು ಸುಳ್ಳು. ನಿಜವನ್ನು ಆರನೇ ತಾರೀಕೇ ಬರೆದಿದ್ದೆ, ಕಳಿಸುವ ಧೈರ್ಯ ಬರಲಿಲ್ಲ. ಅದನ್ನೂ ಇದರ ಜೊತೆ ಇಟ್ಟಿದ್ದೇನೆ, ಓದಿ ಬೈಯಿ. ಎಡಗಡೆಯ ಬಾಗಿಲೆರಡೂ ನೇರಳೆ. ಕಲಿಯುವವರು ಇಟ್ಟ ಅಡ್ಡಹೆಸರು 'ಬದನೆಕಾಯಿ'. ಬೀದಿ ಕಿರಿದೇನೂ ಅಲ್ಲ. ಆ ಮಗ್ಗುಲು ಯಾರಿಗೂ ಕಾಣದಿರಲೆಂದು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೆ. ಒಂದು ತಿಂಗಳಿಂದ ಇದು ನನಗೆ ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನಿನಗೆ ನೋವಾಗಬಾರದು ಎಂದು ಒಂದು ಸುಳ್ಳು ಬರೆದೆ. ಆ ಸುಳ್ಳನ್ನು ನೀನು ಇನ್ನೊಬ್ಬರಿಗೆ ಓದಿಸಿ ಕೆಲಸ ಹಿಡಿಯುತ್ತೀಯ ಎಂದು ನನಗೇನು ಗೊತ್ತು?

ಆದರೆ ನಾನು ಹೇಳಹೊರಟಿದ್ದು ಇದಲ್ಲ. ನಿನ್ನೆ ಮಧ್ಯಾಹ್ನ ಏನಾಯಿತು ಕೇಳು.

ಕನ್ನಡಕದ ಅಂಗಡಿಯವಳ ವಿಷಯ ಬರೆದಿದ್ದೆನಲ್ಲ. ಅವಳು ಎರಡು ಹಳದಿ ಕನ್ನಡಕ ತಂದಿದ್ದಳು. ಎದುರಿನ ಗಾಡಿಯ ಹೆಡ್‌ಲೈಟು ಕಣ್ಣಿಗೆ ಹೊಡೆಯದಿರಲೆಂದು ಹಾಕಿಕೊಳ್ಳುತ್ತಾರಲ್ಲ, ಅಂಥವು. ಒಂದು ಅವಳಿಗೆ, ಒಂದು ನನಗೆ. ಪಾಠ ಮುಗಿಸಿ ಬಯಲಲ್ಲಿ ಇಳಿದಾಗ ತಮಾಷೆಗೆ ನನ್ನದನ್ನು ಹಾಕಿಕೊಂಡು ಗಾಡಿಯ ಕಡೆ ತಿರುಗಿದೆ. ಬಾಗಿಲಿನ ನೇರಳೆ ಮಾಸಿದ ಹಾಗೆ ಕಂಡಿತು. ನನಗೇ ಅನುಮಾನ ಬಂದು ಅವಳದನ್ನೂ ಕಿತ್ತುಕೊಂಡು ಮೊದಲನೆಯದರ ಮೇಲೆ ಹಾಕಿಕೊಂಡೆ.

ಗೆರೆ ಇರಲಿಲ್ಲ ಅಣ್ಣಾ. ಮಡ್‌ಗಾರ್ಡ್ ಯಾವುದು, ಬಾಗಿಲು ಯಾವುದು, ಡಿಕ್ಕಿ ಯಾವುದು, ಎಲ್ಲ ಒಂದೇ ಬಣ್ಣ. ಸುತ್ತ ಮೂರು ಸಲ ಬಂದೆ. ಒಂದು ಕೈ ಮಡ್‌ಗಾರ್ಡಿನ ಮೇಲೆ, ಒಂದು ಕೈ ಬಾಗಿಲಿನ ಮೇಲೆ ಇಟ್ಟು ನೋಡಿದೆ. ಎಲ್ಲೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಕನ್ನಡಕ ತೆಗೆದರೆ ಬದನೆಕಾಯಿ, ಹಾಕಿದರೆ ನೀನು ಹೇಳಿದ ಗಾಡಿ. ಬಯಲಿನಲ್ಲಿ ನಿಂತು ಹತ್ತು ಸಲ ತೆಗೆದು ಹಾಕಿ ಮಾಡಿದೆ. ಹುಚ್ಚಿ ಎಂದುಕೊಂಡಿರಬೇಕು ನೋಡಿದವರು.

ಅವಳು ನಗಲಿಲ್ಲ. ಕನ್ನಡಕ ಇಸಿದುಕೊಂಡು ತಾನೂ ಹಾಗೇ ನೋಡಿ, ಎರಡನ್ನೂ ನನ್ನ ಕೈಗೇ ಕೊಟ್ಟು, "ಮೇಡಂ, ಇದನ್ನ ಬಳಿದೋರಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

"ನಮ್ಮಣ್ಣ. ಐವತ್ತೆಂಟು."

"ಅವರಿಗೆ ಕಣ್ಣಲ್ಲಿ ಪೊರೆ ಬಂದಿರಬೇಕು. ಒಳಗಿನ ಮಸೂರ ನಿಧಾನಕ್ಕೆ ಹಳದಿ ತಿರುಗತ್ತೆ. ದಿನಾ ಒಂಚೂರು ಒಂಚೂರು ಆಗೋದ್ರಿಂದ ಅವರಿಗೇ ಗೊತ್ತಾಗಲ್ಲ. ಬೆಳಕು ಕಮ್ಮಿ ಅನ್ನಿಸ್ತಿರತ್ತೆ, ಬಲ್ಬ್ ಸರಿಯಿಲ್ಲ ಅಂತಾರೆ. ದೂರದ್ದು ಓದ್ತಾರೆ, ಹಾಗಾಗಿ ಕಣ್ಣು ಚೆನ್ನಾಗಿದೆ ಅಂದುಕೊಂಡಿರ್ತಾರೆ. ನೀಲಿ, ನೇರಳೆ ಮಾತ್ರ ಮೊದಲು ಕೈ ಕೊಡತ್ತೆ."

ನೀನು ಬಲ್ಬಿನ ಬಗ್ಗೆ ಬರೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಒಂದು ಬಾಗಿಲು ನೋಡಿ ಅವಳು ನಿನ್ನ ಕಣ್ಣಿನೊಳಗೆ ಇಣುಕಿದಳು. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು, ಅದನ್ನು ಹಾಗೇ ಬರೆಯುತ್ತೇನೆ. "ಅವರು ತಪ್ಪು ಮಾಡಿಲ್ಲ ಮೇಡಂ. ಅವರ ಕಣ್ಣಿಗೆ ಎರಡೂ ಒಂದೇ. ಇಷ್ಟು ಕರಾರುವಾಕ್ಕಾಗಿ ಕೂಡಿಸೋದು ಒಳ್ಳೆ ಕಣ್ಣಿರೋರಿಗೂ ಆಗಲ್ಲ."

ನಾನು ಬಯಲಿನಲ್ಲೇ ಅತ್ತುಬಿಟ್ಟೆ. ಬಣ್ಣ ಕೆಟ್ಟಿತೆಂದು ಅಲ್ಲ. ಎರಡು ನಿಮಿಷ ನಾನು ನಿನ್ನ ಕಣ್ಣಿನಿಂದ ನೋಡಿದೆನಲ್ಲ, ಅದಕ್ಕೆ.

ಹೆಡ್‌ಮೇಡಂ ಅವರ ಬಾಗಿಲಿಗೆ ಕೈ ಹಾಕಬೇಡ. ಕಾಲಿಗೆ ಬೀಳುತ್ತೇನೆ, ಮೊದಲು ಕಣ್ಣು ತೋರಿಸು.

ನಿನ್ನ ತಂಗಿ


ಏಪ್ರಿಲ್ 2

ತಂಗೀ,

ನಿನ್ನ ಕಾಗದ ಹದಿನಾಲ್ಕಕ್ಕೆ ಬಂತು. ಬಣ್ಣ ಕಲಸಿ ಇಟ್ಟಿದ್ದೆ. ಮುಚ್ಚಳ ತೆಗೆಯಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಬರೆಯದೆ ಕೂತದ್ದು ಸಿಟ್ಟಿಗೆ.

ಗಾಡಿ ಕೆಟ್ಟಿತೆಂದು ಸಿಟ್ಟಲ್ಲ. ನಾನು ಬಣ್ಣ ಕೂಡಿಸಿದರೆ ಊರೆಲ್ಲ ಹೊಗಳುತ್ತದೆ. ಕೆಟ್ಟಿದ್ದರೆ ಕೆಟ್ಟಿದೆ ಎಂದು ಮುಖಕ್ಕೆ ಹೇಳಬಲ್ಲವಳು ನೀನೊಬ್ಬಳೇ ಎಂದುಕೊಂಡಿದ್ದೆ. ನೀನೂ ಊರಿನವರ ಜೊತೆ ಸೇರಿಕೊಂಡೆಯಲ್ಲ. ಇನ್ನು ನೀನು ಚೆನ್ನಾಗಿದೆ ಎಂದರೆ ನಾನು ಏನೆಂದು ತಿಳಿಯಲಿ?

ತಟ್ಟಣ್ಣನನ್ನು ಕರೆದು ಕೇಳಿದೆ. ಅವನು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ ನಿಂತ. "ಮೇಸ್ತ್ರೀ, ಒಂದು ವರ್ಷದಿಂದ ಗೊತ್ತು" ಎಂದ. "ನೀವು ಊಟಕ್ಕೆ ಹೋದಾಗ ನಾನೇ ಡಬ್ಬಿಯನ್ನ ಬಾಗಿಲ ಹತ್ರ ತಗೊಂಡು ಹೋಗಿ, ಬೆಳಕಲ್ಲಿ ನೋಡಿ, ನೇರಳೆ ಜಾಸ್ತಿ ಆಗಿದ್ರೆ ಒಂದಿಷ್ಟು ಬೇರೆ ಬೆರೆಸಿ ಸರಿ ಮಾಡ್ತಿದ್ದೆ. ನಿಮ್ಮ ತಂಗಿ ಗಾಡಿ ಎರಡನೇ ಡಬ್ಬಿ ಕಲಸಿದ ದಿನ ನಂಗೆ ಜ್ವರ ಬಂದು ಮಲಗಿದ್ದೆ." ಅವನ ಮೇಲೆ ಕೈ ಎತ್ತಬೇಕೋ, ಕೈ ಮುಗಿಯಬೇಕೋ ತಿಳಿಯಲಿಲ್ಲ. ತಗಡು ತಟ್ಟುವವನು ಎಂದು ನಾನು ಅವನನ್ನು ಎಷ್ಟು ಸಲ ಹೀಯಾಳಿಸಿಲ್ಲ! ಒಂದು ವರ್ಷ ಊರು ಹೊಗಳಿದ್ದು ಅವನ ಕಣ್ಣನ್ನು.

ಹೆಡ್‌ಮೇಡಂ ಅವರ ಮನೆಗೆ ನಾನೇ ಹೋಗಿ ಬೀಗದ ಕೈ ಮೇಜಿನ ಮೇಲಿಟ್ಟೆ. ನಡೆದದ್ದೆಲ್ಲ ಹೇಳಿದೆ. ಆಯಮ್ಮ ನನ್ನನ್ನು ಹಿಂದಿನ ಬೆಂಚಿನವನನ್ನು ನೋಡುವ ಹಾಗೆ ನೋಡಿ, "ಹಾಗಾದ್ರೆ ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ. ಕಾಯ್ತೀನಿ" ಎಂದರು. ಬೀಗದ ಕೈಯನ್ನು ವಾಪಸ್ ನನ್ನ ಕಡೆಗೇ ಸರಿಸಿದರು.

ಎರಡೂ ಕಣ್ಣಿಗೆ ಪೊರೆ ಇದೆಯಂತೆ. ಹತ್ತನೇ ತಾರೀಕು ಬಲಗಣ್ಣು. ಎಡಗಣ್ಣು ಎರಡು ತಿಂಗಳು ಬಿಟ್ಟು. ಡಾಕ್ಟರು ಇದೆಲ್ಲ ಮಾಮೂಲು ಎನ್ನುತ್ತಾರೆ. ನನಗೆ ಭಯ ಚುಚ್ಚುವುದಕ್ಕಲ್ಲ. ಎಷ್ಟು ನೀಲಿಗೆ ಎಷ್ಟು ಕಪ್ಪು ಎಂದು ನನ್ನ ತಲೆಯಲ್ಲಿರುವುದೆಲ್ಲ ಈ ಕಣ್ಣಿನ ಲೆಕ್ಕ. ಕಣ್ಣೇ ಬದಲಾದರೆ ಮೂವತ್ತಾರು ವರ್ಷದ ಕೆಲಸ ಮರೆತು ಮತ್ತೆ ಅಆಇಈ ಕಲಿಯಬೇಕಾದೀತೇ ಎಂದು ಭಯ. ಇದನ್ನು ಅತ್ತಿಗೆಗೂ ಹೇಳಿಲ್ಲ.

ಅಣ್ಣ


ಏಪ್ರಿಲ್ 6

ಅಣ್ಣಾ,

ಸಿಟ್ಟು ಮಾಡು, ನನಗೆ ಬರಬೇಕಾದದ್ದೇ. ಇನ್ನು ಮೇಲೆ ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದು ಬರೆಯುವುದಿಲ್ಲ. ಈಗಲೇ ಶುರು ಮಾಡುತ್ತೇನೆ: ಹಿಂದಿನ ಕಾಗದದಲ್ಲಿ ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿತ್ತು.

ಭಯ ಪಡುತ್ತಾ ಒಬ್ಬನೇ ಕೂರಬೇಡ. ಹತ್ತಕ್ಕೆ ಬರಲೇ?

ನಿನ್ನ ತಂಗಿ


ಏಪ್ರಿಲ್ 27

ತಂಗೀ,

ನೀನು ಬರುವುದು ಬೇಡ ಎಂದು ಅತ್ತಿಗೆಯಿಂದ ಫೋನ್ ಮಾಡಿಸಿದ್ದು ನಾನೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ಅಣ್ಣನನ್ನು ನೀನು ನೋಡುವುದು ನನಗೆ ಬೇಕಿರಲಿಲ್ಲ. ಈಗ ಬರೆಯುವುದಕ್ಕೆ ಡಾಕ್ಟರ ಒಪ್ಪಿಗೆ ಸಿಕ್ಕಿದೆ. ಅಕ್ಷರ ಈಗ ಹೇಗಿದೆ ನೋಡು.

ಹನ್ನೊಂದರ ಬೆಳಿಗ್ಗೆ ಬಟ್ಟೆ ಬಿಚ್ಚಿದರು. ಎದುರಿಗೆ ನಿಂತಿದ್ದ ನರ್ಸಮ್ಮನ ಕೋಟು ಎಷ್ಟು ಬೆಳ್ಳಗಿತ್ತೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ನೋವಾಯಿತೇ ಎಂದು ಕೇಳಿದರು. ಇಲ್ಲಮ್ಮಾ, ಬಿಳಿ ಎಂದೆ. ಇಷ್ಟು ವರ್ಷ ನಾನು ಬಿಳಿ ಎಂದುಕೊಂಡದ್ದು ಹಳೇ ಪತ್ರಿಕೆಯ ಬಣ್ಣ.

ಮನೆಗೆ ಬಂದು ಅಡುಗೆಮನೆಗೆ ನೀರು ಕುಡಿಯಲು ಹೋದೆ. ಗ್ಯಾಸಿನ ಒಲೆ ಉರಿಯುತ್ತಿತ್ತು. ಅಲ್ಲೇ ನಿಂತುಬಿಟ್ಟೆ. ಆ ಉರಿ ನೀಲಿ ಎಂದು ನನಗೆ ಗೊತ್ತು, ಚಿಕ್ಕಂದಿನಿಂದ ಗೊತ್ತು. ಆದರೆ ಅದು ಕಾಣುವುದು ನಿಂತು ಎಷ್ಟು ವರ್ಷವಾಗಿತ್ತೋ, ನಿಂತದ್ದೇ ನನಗೆ ತಿಳಿದಿರಲಿಲ್ಲ. ಒಳಗೆ ತಿಳಿ, ಅಂಚಿನಲ್ಲಿ ನೇರಳೆ, ನಡುವೆ ಹೆಸರಿಲ್ಲದ ಇನ್ನೊಂದು ನೀಲಿ. ಸ್ಟೂಲು ಎಳೆದುಕೊಂಡು ಒಲೆಯ ಮುಂದೆ ಕೂತೆ. ನಿನ್ನ ಅತ್ತಿಗೆ ಬಂದು, "ಏನ್ರೀ, ಹಾಲು ಉಕ್ಕುತ್ತಿದೆ, ಮುಂದೆ ಕೂತು ನೋಡ್ತಿದೀರಲ್ಲ!" ಎಂದಳು. ನಾನು ಹಾಲು ನೋಡುತ್ತಿರಲಿಲ್ಲ. ತಲೆ ಎತ್ತಿ ಅವಳನ್ನು ನೋಡಿದೆ. ಅವಳ ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿದೆ ತಂಗೀ. ಯಾವಾಗ ಆಯಿತೆಂದು ಕೇಳಿದೆ. "ನಿಮ್ಮ ಕಣ್ಣೆದುರಿಗೇ" ಎಂದಳು.

ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದು ಈಗ ನನ್ನ ಕಸುಬಾಗಿದೆ. ಎಡಗಣ್ಣಿನಿಂದ ನೋಡಿದರೆ ಹಳೇ ಲೋಕ, ಎಲ್ಲದಕ್ಕೂ ಚಹಾ ಚೆಲ್ಲಿದ ಹಾಗೆ. ಬಲಗಣ್ಣಿನಿಂದ ನೋಡಿದರೆ ಈಗ ತಾನೇ ತೊಳೆದು ಇಟ್ಟದ್ದು. ಕಿಟಕಿಯ ಪಕ್ಕ ಕೂತು ಆಕಾಶವನ್ನು ಅರ್ಧ ದಿನ ನೋಡಿದ್ದೇನೆ. ಯಾರು ಕಲಸಿದರೋ, ಎಲ್ಲೂ ಎರಡನೇ ಡಬ್ಬಿ ತಂದ ಗುರುತಿಲ್ಲ.

ಮೊನ್ನೆ ಶೆಡ್ಡಿನ ಬಾಗಿಲ ತನಕ ನಡೆದುಕೊಂಡು ಹೋದೆ. ಕಪಾಟಿನ ಡಬ್ಬಿಗಳು ಯಾರೋ ಅಪರಿಚಿತರ ಹಾಗೆ ಕಂಡವು. ನಾನು ಭಯಪಟ್ಟದ್ದು ನಿಜವೇ, ಎಲ್ಲವನ್ನೂ ಮತ್ತೆ ಪರಿಚಯ ಮಾಡಿಕೊಳ್ಳಬೇಕು. ಆದರೆ ಭಯ ಎಲ್ಲಿ ಹೋಯಿತೋ ಕಾಣೆ. ತಟ್ಟಣ್ಣನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಒಂದೊಂದಾಗಿ ಮುಚ್ಚಳ ತೆಗೆದು ನೋಡಿದೆವು. ನೇರಳೆ ಬರುವ ಡಬ್ಬಿ ತೆಗೆದಾಗ ಅವನು ಮುಖ ಆ ಕಡೆ ತಿರುಗಿಸಿದ. "ಇದನ್ನೇ ತಾನೇ ನಾನು ಸುರಿದದ್ದು?" ಎಂದೆ. "ಹೌದು ಮೇಸ್ತ್ರೀ, ಧಾರಾಳವಾಗಿ" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಂದೂವರೆ ತಿಂಗಳು ಧೂಳಿನ ಕೆಲಸ ಮಾಡಬಾರದಂತೆ. ಅದಾದ ಮೇಲೆ ಮೊದಲ ಕೆಲಸ ನಿನ್ನ ಗಾಡಿ.

ಅಣ್ಣ


ಮೇ 4

ಅಣ್ಣಾ,

ಅಕ್ಷರ ಚೆನ್ನಾಗಿದೆ. ಇದು ಸುಳ್ಳಲ್ಲ.

ಒಲೆಯ ಉರಿಯ ಬಗ್ಗೆ ಓದಿ ನಾನೂ ಎದ್ದು ಹೋಗಿ ಒಲೆ ಹಚ್ಚಿ ನೋಡಿದೆ. ನಲವತ್ತೇಳು ವರ್ಷದಿಂದ ಒಳ್ಳೆಯ ಕಣ್ಣಿದ್ದೂ ಅದರ ಅಂಚಿನ ನೇರಳೆಯನ್ನು ನಾನು ಒಂದು ದಿನವೂ ಗಮನಿಸಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ದಿನಾ ನೋಡುತ್ತೇನೆ.

ಗಾಡಿಯನ್ನು ಮತ್ತೆ ಬಳಿಯುವುದು ಬೇಡ ಎನ್ನಿಸುತ್ತಿದೆ. ಕಲಿಯುವವರು ಈಗ ಹತ್ತೊಂಬತ್ತು ಜನ. "ಬದನೆಕಾಯಿ ಸ್ಕೂಲ್ ಎಲ್ಲಿ?" ಎಂದು ವಿಳಾಸ ಕೇಳಿಕೊಂಡು ಬರುತ್ತಾರೆ. ನಿನ್ನ ತಪ್ಪಿನಿಂದ ನನಗೆ ಹೆಸರು ಬಂದಿದೆ. ಆದರೆ ನನ್ನನ್ನು ಕೇಳಿದರೆ ನಿಜ ಇಷ್ಟೇ: ನಾನು ಅದನ್ನು ಗೋಡೆಗೆ ಒತ್ತಿ ನಿಲ್ಲಿಸುವುದನ್ನು ಬಿಟ್ಟಿದ್ದೇನೆ, ಆದರೂ ಮಧ್ಯಾಹ್ನದ ಬಿಸಿಲಲ್ಲಿ ಆ ಬಾಗಿಲು ನೋಡಿದರೆ ಈಗಲೂ ಎದೆ ಚುರುಕ್ ಎನ್ನುತ್ತದೆ. ಮುಂದಿನದು ನಿನಗೆ ಬಿಟ್ಟದ್ದು.

ನಿನ್ನ ತಂಗಿ


ಜೂನ್ 8, ನಿನ್ನ ಮನೆಯ ಮೇಜಿನಿಂದ

ತಂಗೀ,

ನೀನು ಲೈಸೆನ್ಸ್ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಎಡಗಡೆಯ ಮುಂದಿನ ಬಾಗಿಲು ಉಜ್ಜಿ ಮುಗಿಸಿರುತ್ತೇನೆ ಎಂದಿದ್ದೆ. ಮುಗಿದಿಲ್ಲ, ಶುರುವೇ ಆಗಿಲ್ಲ. ಬಸ್ಸಿನಲ್ಲಿ ತಂದ ಸಾಮಾನಿನ ಚೀಲ ಕಟ್ಟಿದ ಹಾಗೇ ಇದೆ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ನಿನ್ನ ಮನೆಯಲ್ಲೇ ಇದ್ದುಕೊಂಡೂ ಕಾಗದ ಬರೆಯುತ್ತಿದ್ದೇನೆ. ಓದಿ ನಗಬೇಡ.

ನೀನು ಹೋದ ಮೇಲೆ ಗಾಡಿಯನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದೆ. ಮೊದಲು ಬಲಗಣ್ಣಿನಿಂದ ನೋಡಿದೆ. ಅಯ್ಯಯ್ಯೋ! ಬದನೆಕಾಯಿ ಎಂದದ್ದು ನಿನ್ನ ದೊಡ್ಡತನ. ಮೂವತ್ತಾರು ವರ್ಷ ಬಣ್ಣ ಬಳಿದವನು ಇದನ್ನು ತನ್ನ ಕೈಯಾರೆ ಬಳಿದು, ಬೆನ್ನು ತಟ್ಟಿಕೊಂಡು, ತಂಗಿಗೆ ಕೊಟ್ಟು ಕಳಿಸಿದ್ದಾನೆ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಆಮೇಲೆ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದೆ. ಎಡಗಣ್ಣಿನಿಂದ ನೋಡಿದೆ.

ಒಂದೇ ನೀಲಿ. ಅವತ್ತು ಶೆಡ್ಡಿನಲ್ಲಿ ಬಳಿದು ಮುಗಿಸಿದಾಗ ನಾನು ಕಂಡ ಗಾಡಿ ಹಾಗೇ ಅಲ್ಲಿ ನಿಂತಿತ್ತು. ಹತ್ತಿರ ಹೋದೆ, ದೂರ ಹೋದೆ, ಬಗ್ಗಿ ನೋಡಿದೆ. ಎಲ್ಲೂ ಗೆರೆ ಇಲ್ಲ. ಬಾಗಿಲೂ ಮಡ್‌ಗಾರ್ಡೂ ಒಂದೇ ಉಸಿರಿನಲ್ಲಿ ಬಳಿದ ಹಾಗೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳುವುದಲ್ಲ, ಆದರೆ ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬಣ್ಣ ಕೂಡಿಸಿಲ್ಲ. ಇನ್ನು ಮುಂದೆ ಕೂಡಿಸುವುದೂ ಇಲ್ಲ.

ನಿನ್ನ ಫೆಬ್ರವರಿ ಹನ್ನೊಂದರ ಕಾಗದ ನನ್ನ ಚೀಲದಲ್ಲಿತ್ತು. ನಿನಗೆ ತೋರಿಸಿ ಚೆನ್ನಾಗಿ ಬೈಯಬೇಕೆಂದೇ ತಂದಿದ್ದೆ. ತೆಗೆದು ಓದಿದೆ, ಒಂದು ಸಾಲು ಓದುವುದು, ಒಂದು ಸಲ ಗಾಡಿ ನೋಡುವುದು. ಬಾನೆಟ್ಟಿನಿಂದ ಡಿಕ್ಕಿಯ ತನಕ ಒಂದೇ ಎಂದಿದ್ದೀಯ, ಹೌದು. ಎರಡನೇ ಡಬ್ಬಿ ಎಲ್ಲಿ ಶುರುವಾಯಿತೆಂದು ಸಿಗಲಿಲ್ಲ ಎಂದಿದ್ದೀಯ, ನನಗೂ ಸಿಗಲಿಲ್ಲ. ಬೆಳಗಿನ ಆಕಾಶ ಎಂದಿದ್ದೀಯ, ಅದೂ ಹೌದು. ಈ ಕಣ್ಣಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ತಂಗೀ. ಹಳದಿ ಕನ್ನಡಕ ನಿನ್ನ ಕೈಗೆ ಬರುವುದಕ್ಕೆ ಒಂದು ತಿಂಗಳು ಮೊದಲೇ, ನನ್ನ ಕಣ್ಣಿಗೆ ಏನು ಕಾಣುತ್ತಿದೆಯೋ ಅದನ್ನೇ ನೀನು ಹೇಗೆ ಬರೆದೆ? ನಿನ್ನ ಮಾತನ್ನು ಹೇಗೆ ನಂಬಲಿ ಎಂದು ಕೇಳಿದ್ದೆನಲ್ಲ, ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಇಪ್ಪತ್ತನೇ ತಾರೀಕು ಎಡಗಣ್ಣಿನ ಆಪರೇಷನ್. ಆಗಲೇಬೇಕು, ಹೆಡ್‌ಮೇಡಂ ಅವರ ಬಾಗಿಲು ಕಾದಿದೆ. ಆದರೆ ಅದಾದ ಮೇಲೆ ಆ ಗಾಡಿಯನ್ನು ನೋಡಿದ ಕಣ್ಣು ನನ್ನ ಹತ್ತಿರವೂ ಇರುವುದಿಲ್ಲ. ಇವತ್ತು ಉಜ್ಜಿದರೆ ಗಾಡಿಯೂ ಇರುವುದಿಲ್ಲ. ಅದಕ್ಕೇ ಕೈ ಬರಲಿಲ್ಲ. ಅಡುಗೆಮನೆಯ ಸ್ಟೂಲು ತಂದು ಅಂಗಳದಲ್ಲಿ ಹಾಕಿಕೊಂಡು, ಬಲಗಣ್ಣು ಮುಚ್ಚಿಕೊಂಡು ಕೂತಿದ್ದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ "ತಲೆನೋವಾ?" ಎಂದು ವಿಚಾರಿಸಿದರು.

ನೀನು ಬಾ. ಉಜ್ಜುವುದು ಒಂದು ಗಂಟೆ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಆ ಎರಡು ಕನ್ನಡಕವನ್ನೂ ಹಾಕಿಕೊಂಡು ಬಂದು ನನ್ನ ಪಕ್ಕ ಕೂತುಕೋ. ನಾವಿಬ್ಬರೂ ಒಟ್ಟಿಗೆ ಅದನ್ನು ಒಂದು ಸಲವೂ ನೋಡಿಲ್ಲ.

ಅಣ್ಣ